ಎರಡು ಗಾಢ ಪಿಂಕ್, ಒಂದೇ ಕೋಣೆ: ಚಿಕ್ಕಮಗಳೂರಿನ ಬೆಳಕಿನಲ್ಲಿ ಆರಿಸುವುದು ಹೇಗೆ?

ಕೋಣೆಗೆ ಪಿಂಕ್ ಹೊಡೆಸಬೇಕು ಅಂತ ತೀರ್ಮಾನ ಆಗಿದೆ. ತಿಳಿ ಪಿಂಕ್ ಅಲ್ಲ, ಬಾಗಿಲು ತೆಗೆದ ಕೂಡಲೇ ಪಿಂಕ್ ಅನ್ನಿಸುವ ಗಾಢ ಪಿಂಕ್. ಶೇಡ್ ಕಾರ್ಡ್ ತಿರುವಿ ತಿರುವಿ ಕೊನೆಗೆ ಎರಡು ಉಳಿದಿವೆ. ಎರಡೂ ಇಷ್ಟ. ಮನೆಯಲ್ಲಿ ಅರ್ಧ ಜನ ಒಂದರ ಕಡೆ, ಅರ್ಧ ಜನ ಇನ್ನೊಂದರ ಕಡೆ. ಪೇಂಟರ್ ಬೇರೆ ದಿನಾ ಫೋನ್ ಮಾಡುತ್ತಿದ್ದಾರೆ. ಇಲ್ಲಿಗೆ ಬಂದು ನಿಂತವರಿಗೆ ಈ ಲೇಖನ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಳ್ಳೆ ಬಿಸಿಲಿನಲ್ಲಿ ಎಲ್ಲಾ ಪಿಂಕೂ ಚೆಂದ. ಆದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದರ ಆಚೆಗೂ ಎಷ್ಟೋ ದಿನ ಮೋಡ, ಮಂಜು. ಹಾಗಾಗಿ ಮೋಡ ಕವಿದ ಮಧ್ಯಾಹ್ನ, ಲೈಟ್ ಹಾಕದ ಕೋಣೆಯಲ್ಲಿ ಎರಡರಲ್ಲಿ ಯಾವುದು ಜೀವಂತವಾಗಿ ಕಾಣುತ್ತದೋ ಅದನ್ನೇ ಆರಿಸಿ. ಬಿಸಿಲಿನಲ್ಲಿ ಗೆದ್ದದ್ದನ್ನಲ್ಲ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಗೆದ್ದದ್ದನ್ನಂತೂ ಅಲ್ಲವೇ ಅಲ್ಲ. ಕೆಳಗೆ ಹೇಳುವ ಹಂತಗಳೆಲ್ಲ ಈ ಒಂದು ಪರೀಕ್ಷೆಯನ್ನು ಸರಿಯಾಗಿ ಮಾಡುವುದಕ್ಕೇ.

ಮೊದಲು, ಎರಡೂ ಪಿಂಕ್ ಯಾವ ಕಡೆ ವಾಲುತ್ತವೆ ನೋಡಿ

ಪಿಂಕ್ ಅಂದರೆ ಸುಮ್ನೆ ಕೆಂಪಿಗೆ ಬಿಳಿ ಸೇರಿಸಿದ್ದು ಅಲ್ಲ. ಒಂದು ಜಾತಿಯ ಪಿಂಕ್ ನೀಲಿ ಕಡೆ ವಾಲುತ್ತದೆ. ಕಾಂಪೌಂಡ್ ಮೇಲೆ ಹಬ್ಬಿರುತ್ತದಲ್ಲ ಕಾಗದದ ಹೂವು, ಆ ಬಣ್ಣ. ಸೀರೆ ಅಂಗಡಿಯಲ್ಲಿ ರಾಣಿ ಕಲರ್ ಅನ್ನುವುದೂ ಇದನ್ನೇ. ಇನ್ನೊಂದು ಜಾತಿ ಕಿತ್ತಳೆ ಕಡೆ ವಾಲುತ್ತದೆ. ಹವಳದ ಬಣ್ಣ, ಸೀಬೆಹಣ್ಣಿನ ಕೆಂಪು ತಿರುಳಿನ ಬಣ್ಣ. ಇಬ್ಬರ ನಡುವೆ ಜಗಳ ಹಚ್ಚುವ ಎರಡು ಪಿಂಕ್‌ಗಳಲ್ಲಿ ಬಹಳ ಸಲ ಒಂದು ರಾಣಿ ಕಡೆಯದ್ದು, ಇನ್ನೊಂದು ಹವಳದ ಕಡೆಯದ್ದು ಆಗಿರುತ್ತದೆ. ಅದು ಗೊತ್ತಾಗದೆ ಜನ "ಇದು ಸ್ವಲ್ಪ ಡಾರ್ಕು, ಅದು ಸ್ವಲ್ಪ ಲೈಟು" ಅಂತಲೇ ವಾದ ಮಾಡುತ್ತಿರುತ್ತಾರೆ.

ಪತ್ತೆ ಮಾಡುವುದು ಸುಲಭ. ಎರಡೂ ಕಾರ್ಡ್‌ಗಳನ್ನು ಒಂದು ಬಿಳಿ ಹಾಳೆಯ ಮೇಲೆ ಇಟ್ಟು, ಕಿಟಕಿ ಹತ್ತಿರ ಹಿಡಿಯಿರಿ. ಪಕ್ಕದಲ್ಲಿ ಒಂದು ಹಣ್ಣು ಮೆಣಸಿನಕಾಯಿ ಇಡಿ. ಶುದ್ಧ ಕೆಂಪು ಎದುರಿಗಿದ್ದಾಗ ರಾಣಿ ಪಿಂಕ್ ತಟ್ಟನೆ ನೇರಳೆ ಕಡೆ ಕಾಣುತ್ತದೆ, ಹವಳದ ಪಿಂಕ್ ಆ ಮೆಣಸಿನಕಾಯಿಯ ಕಡೆಗೇ ಸೇರಿಕೊಳ್ಳುತ್ತದೆ. ಎರಡೂ ಒಂದೇ ಕಡೆ ವಾಲಿದರೆ ನಿಮ್ಮ ಕೆಲಸ ಅರ್ಧ ಮುಗಿಯಿತು, ಉಳಿದದ್ದು ಎಷ್ಟು ಗಾಢ ಅನ್ನುವ ಪ್ರಶ್ನೆ ಮಾತ್ರ.

ಆ ಗಾಢಕ್ಕೂ ಒಂದು ಅಳತೆ ಇದೆ. ಎಲ್‌ಆರ್‌ವಿ ಅನ್ನುತ್ತಾರೆ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಬಣ್ಣ ವಾಪಸ್ ಕೊಡುತ್ತದೆ ಅನ್ನುವ ಅಂಕಿ ಅದು. ಕಡು ಕಪ್ಪಿಗೆ 0, ಅಪ್ಪಟ ಬಿಳಿಗೆ 100. ಗಾಢ ಪಿಂಕ್‌ಗಳು ಹೆಚ್ಚಾಗಿ 15 ಮತ್ತು 45ರ ನಡುವೆ ಎಲ್ಲೋ ಬರುತ್ತವೆ. ಕೆಲವು ಕಂಪನಿಗಳು ಇದನ್ನು ಫ್ಯಾನ್ ಡೆಕ್‌ನಲ್ಲಿ (ಬೀಸಣಿಗೆಯಂತೆ ಬಿಚ್ಚುವ ಶೇಡ್ ಪುಸ್ತಕ) ಅಥವಾ ವೆಬ್‌ಸೈಟ್‌ನಲ್ಲಿ ಹಾಕಿರುತ್ತವೆ, ಅಂಗಡಿಯವರನ್ನು ಕೇಳಿ. ನಿಮ್ಮ ಕೋಣೆಗೆ ಒಂದೇ ಕಿಟಕಿ ಇದ್ದು, ಅದೂ ಹಲಸಿನ ಮರದ ಕೆಳಗಿದ್ದರೆ, 20ರ ಬಣ್ಣಕ್ಕಿಂತ 35ರ ಬಣ್ಣ ನಾಲ್ಕು ಗೋಡೆಗೂ ಸುರಕ್ಷಿತ. ಹಗಲಲ್ಲೂ ಲೈಟ್ ಹಾಕಿಕೊಂಡು ಕೂರಬೇಕಾದ ಕೋಣೆ ಯಾರಿಗೆ ಬೇಕು?

ಇನ್ನೊಂದು ವಿಷಯ. ಕಾರ್ಡ್‌ನಲ್ಲಿ ಬೆರಳಗಲ ಕಂಡ ಬಣ್ಣ ಗೋಡೆ ತುಂಬಿದಾಗ ಇನ್ನೂ ಜೋರಾಗಿ ಕಾಣುತ್ತದೆ. ನಾಲ್ಕು ಗೋಡೆಗೂ ಹೊಡೆದರೆ ಇನ್ನೂ ಜಾಸ್ತಿ, ಯಾಕೆಂದರೆ ಒಂದು ಗೋಡೆಯ ಪಿಂಕ್ ಬೆಳಕು ಎದುರು ಗೋಡೆಯ ಪಿಂಕ್ ಮೇಲೆ ಬಿದ್ದು ಅದನ್ನು ಮತ್ತಷ್ಟು ತುಂಬಿಸುತ್ತದೆ. ಮೂಲೆಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಆದ್ದರಿಂದ ಕಾರ್ಡ್‌ನಲ್ಲಿ "ಇನ್ನೂ ಸ್ವಲ್ಪ ಜೋರು ಬೇಕಿತ್ತು" ಅನ್ನಿಸಿದ ಬಣ್ಣ ಗೋಡೆಯಲ್ಲಿ ಸರಿಹೋಗುವ ಸಾಧ್ಯತೆಯೇ ಹೆಚ್ಚು.

ನಿಮ್ಮ ಕೋಣೆಗೆ ಬರುವ ಬೆಳಕು ಎಂಥದ್ದು

ಇದು ಇಡೀ ವಿಷಯದ ಜೀವಾಳ. ಸ್ವಲ್ಪ ತಾಳ್ಮೆಯಿಂದ ಓದಿ.

ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಯುರೋಪ್, ಅಮೆರಿಕದ ಮನೆಗಳಿಗೆ ಬರೆದದ್ದು. "ಉತ್ತರದ ಕೋಣೆಗೆ ಬಿಸಿಲೇ ಬರುವುದಿಲ್ಲ, ಅಲ್ಲಿ ತಣ್ಣಗಿನ ಬಣ್ಣ ಬೇಡ" ಅಂತ ಬರೆದಿರುತ್ತದೆ. ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಅಂದರೆ ಮೇ ತಿಂಗಳಲ್ಲಿ ನಮ್ಮ ಉತ್ತರದ ಗೋಡೆಗೂ ಬಿಸಿಲು ಬೀಳುತ್ತದೆ. ಜೂನ್ ಬಂದರೆ ಸೂರ್ಯ ಅದೇ ಕಡೆ ಇರುತ್ತಾನೆ, ಆದರೆ ಮೋಡದ ಹಿಂದೆ. ಡಿಸೆಂಬರ್, ಜನವರಿಯಲ್ಲಿ ದಕ್ಷಿಣಕ್ಕೆ ವಾಲುತ್ತಾನೆ, ಆಗ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಗೆ ದೂರದವರೆಗೆ ಬರುತ್ತದೆ. ಹೀಗಾಗಿ ದಿಕ್ಕು ನೋಡಿ ಬಣ್ಣ ಹೇಳುವ ಪರದೇಶದ ಪಟ್ಟಿಯನ್ನು ಪಕ್ಕಕ್ಕಿಡಿ.

ದಿಕ್ಕಿಗಿಂತ ನಮ್ಮಲ್ಲಿ ಮುಖ್ಯವಾದದ್ದು ಎರಡು: ಮೋಡ ಮತ್ತು ಹಸಿರು.

ಮೋಡದ ಬೆಳಕು ತಂಪು, ಸ್ವಲ್ಪ ನೀಲಿ ಕಡೆಯದು. ಅದರಲ್ಲಿ ರಾಣಿ ಪಿಂಕ್ ಇನ್ನಷ್ಟು ನೇರಳೆ ಕಡೆ ಸರಿಯುತ್ತದೆ. ಬಿಸಿಲಿನಲ್ಲಿ ಬೆಂಕಿಯಂತಿದ್ದದ್ದು ಇಲ್ಲಿ ಬದನೆಕಾಯಿಯ ನೆರಳು ಹೊತ್ತುಕೊಳ್ಳುತ್ತದೆ. ಹವಳದ ಪಿಂಕ್ ಅದೇ ಬೆಳಕಿನಲ್ಲಿ ತನ್ನ ಕಿತ್ತಳೆಯನ್ನು ಸ್ವಲ್ಪ ಕಳೆದುಕೊಂಡು ಅಚ್ಚ ಪಿಂಕ್‌ಗೆ ಹತ್ತಿರ ಬರುತ್ತದೆ. ಬಿಸಿಲಿನಲ್ಲಿ "ಇದು ಪಿಂಕಾ, ಆರೆಂಜಾ" ಅಂತ ಅನುಮಾನ ಹುಟ್ಟಿಸಿದ ಬಣ್ಣ ಮಳೆಗಾಲದ ಕೋಣೆಯಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ನೋಡಿದವರಿಗೇ ಗೊತ್ತು.

ಇನ್ನು ಹಸಿರು. ಮೂಡಿಗೆರೆ, ಕೊಪ್ಪ, ಆಲ್ದೂರು ಕಡೆಯ ಮನೆಗಳ ಕಿಟಕಿಯಾಚೆ ಕಾಫಿ ಗಿಡ, ಸಿಲ್ವರ್ ಓಕ್, ಬಾಳೆ. ಪೇಟೆಯೊಳಗೂ ಎಷ್ಟೋ ಮನೆಗಳಿಗೆ ಹಿತ್ತಿಲು ಇದೆ. ಈ ಹಸಿರು ಎರಡು ಥರದ ಕೆಲಸ ಮಾಡುತ್ತದೆ, ಎರಡೂ ಒಂದಕ್ಕೊಂದು ವಿರುದ್ಧ. ಎಲೆಗಳಿಗೆ ಬಡಿದು ಒಳಗೆ ಬರುವ ಬೆಳಕಿನಲ್ಲಿ ಹಸಿರು ಜಾಸ್ತಿ, ಕೆಂಪು ಕಮ್ಮಿ. ಪಿಂಕ್ ಗೋಡೆ ಹಸಿರನ್ನು ನುಂಗಿ ಕೆಂಪನ್ನು ವಾಪಸ್ ಕೊಡುವ ಗೋಡೆ. ವಾಪಸ್ ಕೊಡಲು ಕೆಂಪೇ ಇಲ್ಲದಿದ್ದರೆ ಬಣ್ಣ ಮಂಕಾಗುತ್ತದೆ, ಬೂದಿ ಬಳಿದಂತೆ ಕಾಣುತ್ತದೆ. ಕಿಟಕಿಗೆ ಎದುರಿರುವ ಗೋಡೆಯಲ್ಲಿ ಇದನ್ನು ಗಮನಿಸಿ. ಆದರೆ ಅದೇ ಹಸಿರನ್ನು ಕಣ್ಣು ನೇರವಾಗಿ ಪಿಂಕ್ ಪಕ್ಕದಲ್ಲಿ ನೋಡಿದಾಗ, ಅಂದರೆ ಕಿಟಕಿ ಇರುವ ಗೋಡೆಯೇ ಪಿಂಕ್ ಆಗಿದ್ದು ಚೌಕಟ್ಟಿನೊಳಗೆ ತೋಟ ಕಾಣುವಾಗ, ಪಿಂಕ್ ಇನ್ನೂ ಪಿಂಕ್ ಆಗುತ್ತದೆ, ಹಸಿರು ಇನ್ನೂ ಹಸಿರಾಗುತ್ತದೆ. ಎದುರಾಳಿ ಬಣ್ಣಗಳು ಪಕ್ಕಪಕ್ಕ ಬಂದಾಗ ಒಂದನ್ನೊಂದು ಎತ್ತಿ ತೋರಿಸುತ್ತವೆ ಅನ್ನುವುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರೋಲ್ 1839ರಲ್ಲೇ ವಿವರವಾಗಿ ಬರೆದಿಟ್ಟಿದ್ದಾರೆ. ನೂಲಿಗೆ ಬಣ್ಣ ಹಾಕಿ ನೇಯುವ ಕಾರ್ಖಾನೆಯಲ್ಲಿದ್ದವರು ಅವರು, ಬಣ್ಣಗಳ ಬಗ್ಗೆ ಬಂದ ದೂರು ವಿಚಾರಿಸಲು ಹೋಗಿ ಇದನ್ನು ಕಂಡುಕೊಂಡರು.

ಇದರಿಂದ ನಿಮಗೆ ಬೇಕಾದ ಕೆಲಸದ ಮಾತು ಇಷ್ಟು: ತೋಟದ ಕಡೆ ಕಿಟಕಿ ಇದ್ದು ಒಂದೇ ಗೋಡೆಗೆ ಗಾಢ ಪಿಂಕ್ ಹೊಡೆಸುವುದಾದರೆ ಆ ಕಿಟಕಿಯ ಗೋಡೆಗೇ ಹೊಡೆಸಿ, ಅಲ್ಲಿ ರಾಣಿ ಪಿಂಕ್ ಅದ್ಭುತವಾಗಿ ನಿಲ್ಲುತ್ತದೆ. ಎದುರು ಗೋಡೆಗೆ ಹೊಡೆಸುವುದಾದರೆ ಹವಳದ ಕಡೆ ಬನ್ನಿ. ಒಂದು ಎಚ್ಚರಿಕೆ. ಕಿಟಕಿ ಇರುವ ಗೋಡೆಗೆ ನೇರ ಬೆಳಕು ಬೀಳುವುದಿಲ್ಲ, ಅದು ಯಾವಾಗಲೂ ಕೋಣೆಯ ಕತ್ತಲೆ ಗೋಡೆ. ಅಲ್ಲಿಗೆ ಎರಡರಲ್ಲಿ ತಿಳಿಯಾದದ್ದನ್ನು ಹೊಡೆದರೂ ಗಾಢವಾಗಿಯೇ ಕಾಣುತ್ತದೆ.

ಕಡೂರು, ತರೀಕೆರೆಯ ಬಯಲು ಕಡೆ ಅಥವಾ ಅರಸೀಕೆರೆ ಕಡೆ ಇರುವವರಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಲ್ಲಿ ಬಿಸಿಲು ಧಾರಾಳ, ಕಿಟಕಿಯಾಚೆ ಹಸಿರಿಗಿಂತ ಮಣ್ಣಿನ ಬಣ್ಣ ಜಾಸ್ತಿ, ಒಳಗೆ ಬರುವ ಬೆಳಕು ಬೆಚ್ಚಗಿರುತ್ತದೆ. ಅಲ್ಲಿ ರಾಣಿ ಪಿಂಕ್ ತನ್ನ ಬಣ್ಣ ಉಳಿಸಿಕೊಳ್ಳುತ್ತದೆ, ಹವಳದ್ದೇ ಸ್ವಲ್ಪ ಅತಿಯಾಗಿ ಕಿತ್ತಳೆ ಆಗಿಬಿಡಬಹುದು. ಒಂದೇ ಜಿಲ್ಲೆಯೊಳಗೆ ಒಂದೇ ಡಬ್ಬಿಯ ಬಣ್ಣ ಎರಡು ಥರ ಕಾಣುತ್ತದೆ, ಪಕ್ಕದ ತಾಲ್ಲೂಕಿನ ನೆಂಟರ ಮನೆಯಲ್ಲಿ ನೋಡಿ ಕೋಡ್ ಬರೆದುಕೊಂಡು ಬರುವವರು ಇದನ್ನು ನೆನಪಿಡಿ.

ಚಿತ್ರ ನೋಡಿ ಮನಸೋತವರಿಗೂ ಒಂದು ಮಾತು. ಜೋರು ಪಿಂಕ್ ಗೋಡೆಗಳ ಪ್ರಸಿದ್ಧ ಫೋಟೋಗಳಲ್ಲಿ ಎಷ್ಟೋ ಮೆಕ್ಸಿಕೋದವು, ಲೂಯಿಸ್ ಬರಾಗಾನ್ ಅನ್ನುವ ವಾಸ್ತುಶಿಲ್ಪಿ ಕಟ್ಟಿದ ಮನೆಗಳವು. ಇಲ್ಲವೇ ಜೈಪುರದ್ದು, 1876ರಲ್ಲಿ ವೇಲ್ಸ್ ರಾಜಕುಮಾರ ಬಂದಾಗ ಊರಿಗೇ ಬಣ್ಣ ಹೊಡೆಸಿದ್ದು. ಎರಡು ಕಡೆಯೂ ಗೋಡೆಗೆ ಸುಡುವ ಬಿಸಿಲು ಬಡಿಯುತ್ತದೆ. ಆ ಬಿಸಿಲು ಆ ಬಣ್ಣದ ಅರ್ಧ ಭಾಗ. ಚಿತ್ರದಿಂದ ಧೈರ್ಯ ತೆಗೆದುಕೊಳ್ಳಿ, ಶೇಡ್ ಮಾತ್ರ ತೆಗೆದುಕೊಳ್ಳಬೇಡಿ.

ರಾತ್ರಿಯ ದೀಪ

ಬಲ್ಬ್ ಯಾವುದು ಅಂತ ಬಣ್ಣಕ್ಕಿಂತ ಮೊದಲು ತೀರ್ಮಾನ ಮಾಡಿ. ಪೆಟ್ಟಿಗೆ ಮೇಲೆ ಕೆಲ್ವಿನ್ ಅಂಕಿ ಇರುತ್ತದೆ. 2700 ಅಥವಾ 3000 ಅಂದರೆ ಹಳದಿ ಬೆಳಕು, 4000 ನಡುವಿನದು, 6500 ಅಂದರೆ ನಮ್ಮ ಮನೆಗಳಲ್ಲಿ ಮಾಮೂಲಿಯಾಗಿ ಇರುವ ಬೆಳ್ಳಗಿನ ಟ್ಯೂಬ್‌ಲೈಟ್ ಬೆಳಕು. 2700ರ ಬೆಳಕಿನಲ್ಲಿ ಹವಳದ ಪಿಂಕ್ ಹೆಚ್ಚುಕಮ್ಮಿ ಕಿತ್ತಳೆ, ರಾಣಿ ಪಿಂಕ್ ಸುಂದರವಾದ ಕೆಂಪು ಕಡೆಯ ಪಿಂಕ್. 6500ರ ಬೆಳಕಿನಲ್ಲಿ ರಾಣಿ ನೇರಳೆ, ಹವಳ ಪಿಂಕ್. ಹೀಗಾಗಿ ಟ್ಯೂಬ್‌ಲೈಟ್ ಬದಲಾಯಿಸುವ ಮನಸ್ಸಿಲ್ಲದ ಮನೆಯಲ್ಲಿ ರಾಣಿ ಪಿಂಕ್‌ಗೆ ನನ್ನ ವೋಟು ಇಲ್ಲ. ಬದಲಾಯಿಸುವ ಮನಸ್ಸಿದ್ದರೆ 3000 ಅಥವಾ 4000ಕ್ಕೆ ಹೋಗಿ.

ಪೆಟ್ಟಿಗೆ ಮೇಲೆ ಸಿಆರ್‌ಐ ಅಂತ ಇನ್ನೊಂದು ಅಂಕಿ ಹುಡುಕಿ. ಬಣ್ಣಗಳನ್ನು ಬಲ್ಬ್ ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದರ ಅಳತೆ ಅದು, 100 ಗರಿಷ್ಠ. ಮಾಮೂಲಿ ಎಲ್‌ಇಡಿಗಳು 80ರ ಆಸುಪಾಸು. ಅವುಗಳಲ್ಲಿ ಕಡು ಕೆಂಪಿನ ಅಂಶವೇ ಕಮ್ಮಿ ಇರುತ್ತದೆ, ಏಟು ಬೀಳುವುದು ಪಿಂಕ್ ಗೋಡೆಗೇ. 90ರ ಮೇಲಿನದ್ದು ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಹಾಕಿಸಿ. ಈ ಖರ್ಚು ಒಂದು ಲೀಟರ್ ಪೇಂಟ್‌ಗಿಂತ ಹೆಚ್ಚು ಫಲ ಕೊಡುತ್ತದೆ.

ಮುಸ್ಸಂಜೆಯದ್ದು ಬೇರೆಯೇ ಕಥೆ. ಬೆಳಕು ತೀರಾ ಕಮ್ಮಿ ಆದಾಗ ನಮ್ಮ ಕಣ್ಣಿಗೆ ಕೆಂಪು ಬಣ್ಣಗಳು ಬೇಗ ಕಪ್ಪಾಗುತ್ತವೆ, ನೀಲಿ ಹಸಿರುಗಳು ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಉಳಿಯುತ್ತವೆ. 19ನೇ ಶತಮಾನದಲ್ಲಿ ಪುರ್ಕಿಂಯೆ ಅನ್ನುವ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದರು. ಮಳೆಗೆ ಕರೆಂಟು ಹೋಗುವ ಊರಿನವರು ನಾವು, ಸಂಜೆ ಆರೂವರೆಗೆ ದೀಪ ಇಲ್ಲದ ಕೋಣೆ ಹೇಗಿರುತ್ತದೆ ಅಂತ ಒಮ್ಮೆ ನೋಡುವುದು ಒಳ್ಳೆಯದು. ಈ ಹೊತ್ತಿನಲ್ಲಿ ಎರಡೂ ಪಿಂಕ್ ಕಪ್ಪಾಗುತ್ತವೆ, ಆದರೆ ಹವಳದ್ದು ಗಾಢವಾಗಿದ್ದರೆ ಅದೇ ಮೊದಲು.

ನೆಲ, ಮರ, ಹೆಂಚು

ಕೆಂಪು ರೆಡ್ ಆಕ್ಸೈಡ್ ನೆಲ ಇರುವ ಮನೆಗಳು ನಮ್ಮಲ್ಲಿ ಇನ್ನೂ ಸಾಕಷ್ಟಿವೆ. ಚೆನ್ನಾಗಿ ತೇಯ್ದು ಹೊಳೆಯುವ ನೆಲ ತನ್ನ ಕೆಂಪನ್ನು ಗೋಡೆಯ ಕೆಳಭಾಗಕ್ಕೆ ಎಸೆಯುತ್ತದೆ. ಹವಳದ ಪಿಂಕ್ ಅದನ್ನು ಒಪ್ಪಿಕೊಳ್ಳುತ್ತದೆ, ನೆಲ ಗೋಡೆ ಎರಡೂ ಒಂದೇ ಮನೆತನದವು ಅನ್ನಿಸುತ್ತದೆ. ರಾಣಿ ಪಿಂಕ್ ಒಪ್ಪುವುದಿಲ್ಲ. ಇಟ್ಟಿಗೆ ಕೆಂಪೂ ನೇರಳೆ ಪಿಂಕೂ ನೇರವಾಗಿ ತಾಗಿದರೆ ಕಣ್ಣು ಕುಕ್ಕುತ್ತದೆ. ರಾಣಿಯೇ ಬೇಕು ಅಂತ ಹಟ ಇದ್ದರೆ ಕೆಳಗೆ ನಾಲ್ಕೈದು ಇಂಚಿನ ಕಪ್ಪು ಅಥವಾ ಬಿಳಿ ಪಟ್ಟಿ ಬಿಟ್ಟು ಎರಡನ್ನೂ ಬೇರೆ ಮಾಡಿ. ಹಳೇ ಮನೆಗಳಲ್ಲಿ ಆ ಕಪ್ಪು ಪಟ್ಟಿ ಹೇಗೂ ಇರುತ್ತದೆ, ಅದನ್ನು ಮುಚ್ಚಬೇಡಿ.

ಬೀಟೆ ಮರದ ಮಂಚ, ಕಪಾಟು ಇದ್ದರೆ ಎರಡೂ ಪಿಂಕ್ ಚೆಂದ, ಕಪ್ಪು ಕಂದು ಬಣ್ಣ ಯಾವ ಪಿಂಕನ್ನೂ ಹಿಡಿದು ನಿಲ್ಲಿಸುತ್ತದೆ. ಹಲಸು, ತೇಗದ ಹಳದಿ ಮರಕ್ಕೆ ರಾಣಿ ಒಳ್ಳೆಯದು, ಹವಳದ ಜೊತೆ ಅದು ಕರಗಿಹೋಗುತ್ತದೆ. ಬಿಳಿ ಟೈಲ್ಸ್ ನೆಲಕ್ಕೆ ಚಿಂತೆ ಇಲ್ಲ, ಯಾವುದಾದರೂ ಆಗುತ್ತದೆ. ಮೇಲೆ ತೆರೆದ ಮಂಗಳೂರು ಹೆಂಚು ಇದ್ದರೆ ಅದೂ ನೆಲದ ಹಾಗೆಯೇ ಲೆಕ್ಕ.

ಗೋಡೆಯ ಅಂಚಿಗೆ ಹೊಡೆಸುವ ಬಿಳಿ ಕೂಡ ನೋಡಿ. ರಾಣಿಗೆ ಅಚ್ಚ ಬಿಳಿ, ಹವಳಕ್ಕೆ ಸ್ವಲ್ಪ ಕೆನೆ ಬಣ್ಣದ ಬಿಳಿ.

ಬೋರ್ಡ್ ಪರೀಕ್ಷೆ: ಇದನ್ನು ಬಿಟ್ಟು ಆರ್ಡರ್ ಕೊಡಬೇಡಿ

ಸೀರೆಯನ್ನು ಅಂಗಡಿಯಿಂದ ಹೊರಗೆ ತಂದು ಬೆಳಕಿನಲ್ಲಿ ಬಿಡಿಸಿ ನೋಡದೆ ನಮ್ಮ ಹೆಂಗಸರು ಕೊಳ್ಳುವುದಿಲ್ಲ ಅಲ್ವಾ? ಗೋಡೆಯ ಬಣ್ಣಕ್ಕೂ ಅಷ್ಟೇ ಮರ್ಯಾದೆ ಕೊಡಿ.

ಎರಡೂ ಶೇಡ್‌ನ ಸಣ್ಣ ಡಬ್ಬಿ ತನ್ನಿ. ಕೆಲವು ಕಂಪನಿಗಳಲ್ಲಿ 200 ಮಿಲಿ ಸ್ಯಾಂಪಲ್ ಸಿಗುತ್ತದೆ, ಇಲ್ಲದಿದ್ದರೆ 1 ಲೀಟರ್. ನೀವು ಕೊನೆಗೆ ಹೊಡೆಸುವ ಅದೇ ಎಮಲ್ಷನ್‌ನಲ್ಲೇ (ನೀರು ಬೆರೆಸಿ ಹೊಡೆಯುವ ಗೋಡೆ ಪೇಂಟ್) ತನ್ನಿ, ಅಗ್ಗದ ಬೇರೆ ಪೇಂಟ್‌ನಲ್ಲಿ ಅದೇ ಕೋಡ್ ಹೇಳಿದರೂ ಬಣ್ಣ, ಹೊಳಪು ಸ್ವಲ್ಪ ವ್ಯತ್ಯಾಸ ಬರುತ್ತದೆ. ಹಳೇ ಗೋಡೆ ಮೇಲೆ ನೇರವಾಗಿ ಹೊಡೆದು ನೋಡಬೇಡಿ. ಈಗಿರುವ ತಿಳಿ ಹಸಿರೋ ಆಕಾಶ ನೀಲಿಯೋ ಪಕ್ಕದಲ್ಲೇ ಇದ್ದು ಪಿಂಕನ್ನು ಇದ್ದದ್ದಕ್ಕಿಂತ ಜೋರು ಮಾಡುತ್ತದೆ. ಎರಡಡಿ ಉದ್ದ ಎರಡಡಿ ಅಗಲದ ಎರಡು ಹಾರ್ಡ್‌ಬೋರ್ಡ್ ಅಥವಾ ದಪ್ಪ ಡ್ರಾಯಿಂಗ್ ಶೀಟ್ ತೆಗೆದುಕೊಂಡು, ಬಿಳಿ ಪ್ರೈಮರ್ ಹೊಡೆದು, ಒಣಗಿದ ಮೇಲೆ ಬಣ್ಣವನ್ನು ಎರಡು ಕೋಟ್ ಹೊಡೆಯಿರಿ, ಸುತ್ತ ಎರಡಿಂಚು ಬಿಳಿ ಅಂಚು ಬಿಡಿ. ಒಂದು ರಾತ್ರಿ ಒಣಗಲಿ. ಎಮಲ್ಷನ್ ಹಸಿಯಿದ್ದಾಗ ತಿಳಿ, ಒಣಗಿದ ಮೇಲೆ ಗಾಢ. ಹಸಿ ಬಣ್ಣ ನೋಡಿ ಯಾವ ಮಾತನ್ನೂ ಆಡಬೇಡಿ.

ಆಮೇಲೆ ಬೋರ್ಡ್‌ಗಳನ್ನು ಕೋಣೆಯೊಳಗೆ ಸುತ್ತಾಡಿಸಿ. ಕಿಟಕಿಯ ಗೋಡೆ, ಎದುರಿನ ಗೋಡೆ, ಮೂಲೆ. ನೆಟ್ಟಗೆ ನಿಲ್ಲಿಸಿಯೇ ನೋಡಬೇಕು, ಮೇಜಿನ ಮೇಲೆ ಮಲಗಿಸಿ ನೋಡಿದರೆ ಮೇಲಿನ ಬೆಳಕು ನೇರವಾಗಿ ಬಿದ್ದು ತಿಳಿಯಾಗಿ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಬೋರ್ಡ್ ಇಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಇನ್ನೊಂದನ್ನು ತಳ್ಳುತ್ತದೆ, ಹವಳದ್ದು ಇದ್ದದ್ದಕ್ಕಿಂತ ಕಿತ್ತಳೆಯಾಗಿ, ರಾಣಿ ಇದ್ದದ್ದಕ್ಕಿಂತ ನೇರಳೆಯಾಗಿ ಕಾಣುತ್ತದೆ. ನಿಮ್ಮ ಗೋಡೆಯಲ್ಲಿ ಎರಡೂ ಒಟ್ಟಿಗೆ ಇರುವುದಿಲ್ಲವಲ್ಲ. ಹೆಚ್ಚಿನ ಮನೆಗಳಲ್ಲಿ ತೀರ್ಮಾನ ಕೆಡುವುದು ಇಲ್ಲೇ.

ಬೆಳಿಗ್ಗೆ ಎದ್ದ ಕೂಡಲೇ, ಹನ್ನೊಂದು ಗಂಟೆಗೆ, ಮೂರು ಗಂಟೆಗೆ, ಮುಸ್ಸಂಜೆಗೆ, ರಾತ್ರಿ ದೀಪದಲ್ಲಿ ನೋಡಿ. ಪ್ರತಿ ಸಲ ಒಂದೊಂದು ಮಾತು ಬರೆದಿಡಿ: "ಮಂಕು", "ಚೆಂದ", "ನೇರಳೆ", "ಕಣ್ಣಿಗೆ ಹೊಡೆಯುತ್ತೆ", ಅಷ್ಟು ಸಾಕು. ಮೋಡದ ದಿನವೊಂದು ಇದರಲ್ಲಿ ಸೇರಲೇಬೇಕು. ಪೇಂಟ್ ಮಾಡಿಸುವುದು ಹೆಚ್ಚಾಗಿ ಬೇಸಿಗೆಯಲ್ಲಿ, ಆಗ ಮೋಡ ಎಲ್ಲಿಂದ ತರುವುದು ಅಂತ ಕೇಳಬಹುದು. ಸೂರ್ಯ ಹುಟ್ಟುವ ಸ್ವಲ್ಪ ಮೊದಲು, ಆಕಾಶ ಬೆಳ್ಳಗಾಗಿ ಬಿಸಿಲು ಇನ್ನೂ ಬೀಳದ ಹೊತ್ತಿನಲ್ಲಿ ನೋಡಿ. ಮಳೆಗಾಲದ ಬೆಳಕಿಗೆ ಅದು ಸಾಕಷ್ಟು ಹತ್ತಿರ. ಬೋರ್ಡ್‌ಗಳನ್ನು ಎಸೆಯದೆ ಇಟ್ಟುಕೊಂಡು ಮೇ ತಿಂಗಳ ಮಳೆಗೆ ಮೋಡ ಕವಿದಾಗ ಇನ್ನೊಮ್ಮೆ ನೋಡುವಷ್ಟು ಸಮಯ ಇದ್ದರೆ ಇನ್ನೂ ಒಳ್ಳೆಯದು.

ಫೋನ್ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ವೋಟ್ ಕೇಳಬೇಡಿ. ಫೋನ್ ಬೆಳಕಿನ ಬಣ್ಣವನ್ನು ತಾನೇ ಸರಿಪಡಿಸುತ್ತದೆ, ಗಾಢ ಪಿಂಕ್ ಗೋಡೆ ತುಂಬಿದ ಚಿತ್ರದಲ್ಲಂತೂ ಅದಕ್ಕೆ ಪೂರ್ತಿ ದಿಕ್ಕು ತಪ್ಪುತ್ತದೆ. ಬೆಂಗಳೂರಿನಲ್ಲಿರುವ ಮಗಳ ಅಭಿಪ್ರಾಯ ಬೇಕೇಬೇಕು ಅಂದರೆ ಶೇಡ್ ಕೋಡ್ ಹೇಳಿ, ಅಲ್ಲೇ ಅಂಗಡಿಯಲ್ಲಿ ಕಾರ್ಡ್ ನೋಡಲಿ.

ಬರೆದಿಟ್ಟದ್ದನ್ನು ಈಗ ಓದಿ. ಯಾವುದಕ್ಕೆ "ಚೆಂದ" ಹೆಚ್ಚು ಬಂತು ಅನ್ನುವುದಕ್ಕಿಂತ, ಯಾವುದಕ್ಕೆ "ಮಂಕು" ಬರಲಿಲ್ಲ ಅನ್ನುವುದನ್ನು ನೋಡಿ. ಆಮೇಲೆ ಆ ಕೋಣೆಯಲ್ಲಿ ನೀವು ಹೆಚ್ಚಾಗಿ ಯಾವ ಹೊತ್ತಿನಲ್ಲಿ ಇರುತ್ತೀರಿ ಅನ್ನುವುದನ್ನು ಸೇರಿಸಿ. ಮಲಗುವ ಕೋಣೆಯಾದರೆ ರಾತ್ರಿ ದೀಪಕ್ಕೂ ಬೆಳಗಿನ ಬೆಳಕಿಗೂ ಬೆಲೆ ಜಾಸ್ತಿ, ಮಕ್ಕಳು ಓದುವ ಕೋಣೆಗೆ ಸಂಜೆಗೆ. ಇಷ್ಟಾದರೂ ಸಮ ಸಮ ಬಂದರೆ ಮಲೆನಾಡಿನ ಮನೆಗೆ ನಾನು ಹವಳದ ಕಡೆ ನಿಲ್ಲುತ್ತೇನೆ, ಬಯಲಿನ ಮನೆಗೆ ರಾಣಿ ಕಡೆ.

ಪಿಂಕ್ ಗೋಡೆ ಮನಸ್ಸನ್ನು ಶಾಂತ ಮಾಡುತ್ತದಂತೆ ಅಂತ ಯಾರಾದರೂ ಹೇಳಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಸೆರೆಮನೆಯಲ್ಲಿ ಕೋಣೆಗೆ ಪಿಂಕ್ ಹೊಡೆದು ಕೈದಿಗಳು ಶಾಂತರಾದರು ಅಂತ ಸುದ್ದಿಯಾಗಿತ್ತು, ಬೇಕರ್ ಮಿಲ್ಲರ್ ಪಿಂಕ್ ಅಂತ ಆ ಬಣ್ಣಕ್ಕೆ ಹೆಸರೂ ಬಂತು. ಆಮೇಲೆ ಎಚ್ಚರಿಕೆಯಿಂದ ಮಾಡಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ನಿಮಗೆ ಇಷ್ಟ ಅನ್ನುವುದೇ ಪಿಂಕ್ ಹೊಡೆಸಲು ಸಾಕಾದ ಕಾರಣ. "ಇಷ್ಟು ಜೋರಾ?" ಅನ್ನುವ ನೆಂಟರಿಗೂ ಅದೇ ಉತ್ತರ.

ಗೋಡೆ ತಯಾರಿದೆಯಾ

ಗಾಢ ಬಣ್ಣದ ಮೇಲೆ ಗೋಡೆಯ ಪ್ರತಿ ದೋಷವೂ ಎದ್ದು ಕಾಣುತ್ತದೆ. ತೇವ ಇದ್ದರೆ ಉಪ್ಪು ಉಬ್ಬಿ ಬಿಳಿ ಕಲೆ ಬರುತ್ತದೆ, ಬಿಳಿ ಗೋಡೆಯಲ್ಲಿ ಗೊತ್ತಾಗದ ಆ ಕಲೆ ಪಿಂಕ್ ಮೇಲೆ ದೂರದಿಂದಲೇ ಕಾಣುತ್ತದೆ. ಅನುಮಾನ ಇದ್ದರೆ ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಗೋಡೆ ಕಡೆ ಹನಿ ಕಟ್ಟಿದ್ದರೆ ನೀರು ಒಳಗಿನಿಂದ ಬರುತ್ತಿದೆ, ಮೊದಲು ಹೆಂಚು, ಪೈಪು, ಹೊರಗೋಡೆಯ ಬಿರುಕು ಸರಿ ಮಾಡಿಸಿ. ಬೂಷ್ಟು ಹಿಡಿದಿದ್ದರೆ 1 ಪಾಲು ಬ್ಲೀಚ್ ದ್ರಾವಣಕ್ಕೆ 3 ಪಾಲು ನೀರು ಬೆರೆಸಿ ಒರೆಸಿ, ತೊಳೆದು, ಪೂರ್ತಿ ಒಣಗಿಸಿ. ಕೈಗೆ ಗ್ಲೌಸ್, ಕಿಟಕಿ ತೆರೆದಿರಲಿ, ಬ್ಲೀಚ್ ಜೊತೆ ಆ್ಯಸಿಡ್ ಅಥವಾ ಬೇರೆ ಯಾವ ಕ್ಲೀನರನ್ನೂ ಬೆರೆಸಲೇಬಾರದು, ವಿಷಗಾಳಿ ಬರುತ್ತದೆ.

ಹೊಸ ಸಿಮೆಂಟ್ ಗಾರೆ ಆಗಿದ್ದರೆ ಕನಿಷ್ಠ 28 ದಿನ ಬಿಡಿ, ನಮ್ಮ ಕಡೆಯ ತೇವಕ್ಕೆ ಇನ್ನೂ ಹೆಚ್ಚು ಬಿಟ್ಟರೆ ಒಳ್ಳೆಯದು. ಹಸಿ ಗಾರೆಯ ಕ್ಷಾರ ಕೆಲವು ಕೆಂಪು ವರ್ಣದ್ರವ್ಯಗಳನ್ನು ಸುಟ್ಟು ಅಲ್ಲಲ್ಲಿ ಬಣ್ಣ ಹಾರಿಸುತ್ತದೆ. ಕ್ಷಾರ ತಡೆಯುವ ಪ್ರೈಮರ್ ಕೇಳಿ ತನ್ನಿ. ಹಳೇ ಸುಣ್ಣದ ಗೋಡೆಯಾದರೆ ಪುಡಿ ಉದುರುವ ಸುಣ್ಣವನ್ನೆಲ್ಲ ಕೆರೆದು ತೆಗೆಯದೆ ಎಮಲ್ಷನ್ ಹೊಡೆಸಬೇಡಿ, ಹಪ್ಪಳದಂತೆ ಏಳುತ್ತದೆ. ಸುಣ್ಣಕ್ಕೇ ಬಣ್ಣ ಬೆರೆಸಿ ಗಾಢ ಪಿಂಕ್ ಮಾಡಲು ಹೋಗಬೇಡಿ, ಸುಣ್ಣದಲ್ಲಿ ಅಷ್ಟು ಜೋರು ಬಣ್ಣ ಬರುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಕೆಲಸಕ್ಕೆ ಒಳ್ಳೆಯ ಕಾಲ ಡಿಸೆಂಬರ್‌ನಿಂದ ಮಾರ್ಚ್.

ಕೊಳ್ಳುವಾಗ, ಹೊಡೆಸುವಾಗ

ಎಷ್ಟು ಬೇಕು ಅನ್ನುವ ಲೆಕ್ಕ: 12 ಅಡಿಗೆ 12 ಅಡಿ ಕೋಣೆ, 10 ಅಡಿ ಎತ್ತರ ಅಂದರೆ ಗೋಡೆ 480 ಚದರ ಅಡಿ. ಒಂದು ಬಾಗಿಲು, ಎರಡು ಕಿಟಕಿ ಕಳೆದರೆ ಸುಮಾರು 430. ಡಬ್ಬಿ ಮೇಲೆ ಲೀಟರಿಗೆ ಎರಡು ಕೋಟ್‌ಗೆ 110 ಚದರ ಅಡಿ ಅಂತ ಇದ್ದರೆ ಸುಮಾರು 4 ಲೀಟರ್. ಆದರೆ ಗಾಢ ಪಿಂಕ್‌ಗೆ ಎರಡು ಕೋಟ್ ಸಾಲುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಬಣ್ಣಕ್ಕೆ ಹಿಂದಿನದ್ದನ್ನು ಮುಚ್ಚುವ ಶಕ್ತಿ ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ, ಗಾಢ ಬಣ್ಣ ಬೆರೆಸುವ ಬೇಸ್‌ನಲ್ಲಿ, ಅಂದರೆ ಬಣ್ಣ ಸೇರಿಸುವ ಮೊದಲಿನ ಮೂಲ ಪೇಂಟ್‌ನಲ್ಲಿ, ಅದು ಕಮ್ಮಿ. ಸ್ವಚ್ಛ ಪಿಂಕ್ ಕೊಡುವ ಕ್ವಿನಾಕ್ರಿಡೋನ್‌ನಂಥ ವರ್ಣದ್ರವ್ಯಗಳು ಬಿಸಿಲಿಗೆ ಗಟ್ಟಿ, ಆದರೆ ಪಾರದರ್ಶಕ. ಮೂರನೇ ಕೋಟ್ ಸೇರಿಸಿದರೆ 6 ಲೀಟರ್ ಬೇಕಾಗುತ್ತದೆ.

ಇದಕ್ಕೊಂದು ಉಪಾಯ ಇದೆ. ಪ್ರೈಮರ್‌ಗೆ ಸ್ವಲ್ಪ ಕೆಂಪು ಸ್ಟೇನರ್ (ಪೇಂಟ್‌ಗೆ ಬೆರೆಸುವ ಗಟ್ಟಿ ಬಣ್ಣ) ಹಾಕಿ ತಿಳಿ ಪಿಂಕ್ ಮಾಡಿ ಹೊಡೆಸಿ. ಬಿಳಿಯ ಮೇಲೆ ಹೊಡೆಯುವುದಕ್ಕಿಂತ ಬಣ್ಣ ಬೇಗ ತುಂಬುತ್ತದೆ. ಒಳ್ಳೆ ಪೇಂಟರ್‌ಗಳಿಗೆ ಇದು ಗೊತ್ತಿರುತ್ತದೆ, ಗೊತ್ತಿಲ್ಲದವರು "ಬೇಡ ಸಾರ್, ಎರಡೇ ಕೋಟಲ್ಲಿ ಮುಚ್ಚುತ್ತೆ" ಅನ್ನುತ್ತಾರೆ. ನೀವು ಹೇಳಿದ್ದನ್ನೇ ಮಾಡಿಸಿ. ಮಳೆಗಾಲದಲ್ಲೋ ಮಂಜಿನ ದಿನವೋ ಕೆಲಸ ನಡೆದರೆ ಕೋಟ್‌ಗಳ ನಡುವೆ ಡಬ್ಬಿಯಲ್ಲಿ ಬರೆದ ಸಮಯಕ್ಕಿಂತ ಹೆಚ್ಚು ಬಿಡಿ.

ಹೊಳಪು ಜಾಸ್ತಿ ಇದ್ದಷ್ಟೂ ಪಿಂಕ್ ಜೋರು, ಗೋಡೆಯ ಉಬ್ಬುತಗ್ಗೂ ಜೋರು. ಹೊಳಪಿಲ್ಲದ ಮ್ಯಾಟ್ ಮೆತ್ತಗೆ ಕಾಣುತ್ತದೆ, ಆದರೆ ಒರೆಸಿದರೆ ಗುರುತು ಬೀಳುತ್ತದೆ. ಮಕ್ಕಳಿರುವ ಮನೆಗೆ ಸ್ವಲ್ಪವೇ ಹೊಳಪಿರುವ ಸಾಫ್ಟ್ ಶೀನ್ ಸರಿಯಾದ ನಡುದಾರಿ.

ಪೂರ್ತಿ ಬಣ್ಣ ಒಂದೇ ದಿನ, ಒಂದೇ ಅಂಗಡಿಯ ಮಷೀನ್‌ನಲ್ಲಿ ಮಿಕ್ಸ್ ಮಾಡಿಸಿ. ಆಮೇಲೆ ಒಂದು ಲೀಟರ್ ಕಮ್ಮಿ ಬಿತ್ತು ಅಂತ ತಂದದ್ದು ಗಾಢ ಪಿಂಕ್‌ನಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಕಾಣುತ್ತದೆ. ಕೆಲಸ ಶುರು ಮಾಡುವ ಮೊದಲು ಎಲ್ಲಾ ಡಬ್ಬಿಗಳನ್ನೂ ದೊಡ್ಡ ಬಕೆಟ್‌ಗೆ ಸುರಿದು ಒಟ್ಟಿಗೆ ಕಲಸಲು ಹೇಳಿ.

ಮೊದಲ ಕೋಟ್ ನೋಡಿ ಗಾಬರಿಯಾಗಬೇಡಿ. ಪಟ್ಟೆ ಪಟ್ಟೆಯಾಗಿ, ಹಸಿಹಸಿಯಾಗಿ, ಬೋರ್ಡ್‌ನಲ್ಲಿ ಕಂಡ ಬಣ್ಣವೇ ಅಲ್ಲ ಅನ್ನಿಸುತ್ತದೆ. ಖಾಲಿ ಕೋಣೆಯಲ್ಲಿ ಪಿಂಕ್ ಬಿಟ್ಟು ಕಣ್ಣಿಗೆ ಬೇರೇನೂ ಇಲ್ಲದಿರುವುದರಿಂದ ಇನ್ನೂ ಜೋರಾಗಿರುತ್ತದೆ. ಕೊನೆಯ ಕೋಟ್ ಒಣಗಿ, ಮಂಚ, ಕಪಾಟು, ಪರದೆ ವಾಪಸ್ ಬರುವವರೆಗೆ ಯಾರ ಮಾತಿಗೂ ಬಣ್ಣ ಬದಲಾಯಿಸಬೇಡಿ. ಉಳಿದ ಬಣ್ಣವನ್ನು ಗಾಳಿಯಾಡದ ಸಣ್ಣ ಡಬ್ಬಿಗೆ ಹಾಕಿ, ಶೇಡ್ ಕೋಡ್, ಪೇಂಟ್‌ನ ಹೆಸರು, ಮಿಕ್ಸ್ ಮಾಡಿದ ತಾರೀಖು ಬರೆದ ಚೀಟಿ ಅಂಟಿಸಿ ಅಟ್ಟದ ಮೇಲಿಡಿ. ಮೊಳೆ ಕಿತ್ತ ಜಾಗ, ಮಂಚ ತಾಗಿದ ಗೀರು ಸರಿಮಾಡಲು ಮುಂದಿನ ವರ್ಷ ಅದೇ ಬೇಕಾಗುತ್ತದೆ.